ವಿಷಯದ ವಿಳಾಸ: ರಂಗನಾಥನ್ ಅವರ ವರ್ಗೀಕರಣವೂ ಈಚಿನ ಸಂಬಂಧಕೋಶಗಳೂ

ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ತಳಹದಿ ಹಾಕಿದ ಶಿಯಾಳಿ ರಾಮಾಮೃತ ರಂಗನಾಥನ್ ಅವರು ಮೊದಲಿಗೆ ನಮ್ಮ ವೃತ್ತಿಯವರೇ. 1892ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಹುಟ್ಟಿ, ಮದರಾಸಿನಲ್ಲಿ ಗಣಿತದ ಎಂ.ಎ. ಮುಗಿಸಿ, 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿ ಸೇರಿದರು. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಮಂಗಳೂರೇ ಅದಕ್ಕೆ ಜಿಲ್ಲಾ ಕೇಂದ್ರ. ಮಂಗಳೂರಿನಿಂದ ಕೊಯಮತ್ತೂರಿಗೂ ಅಲ್ಲಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೂ ಹೋದ ಅವರು 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಮೊದಲ ಗ್ರಂಥಪಾಲರಾದರು. ಆ ಕೆಲಸ ಮೊದಲಲ್ಲಿ ಅವರಿಗೆ ಹಿಡಿಸಲಿಲ್ಲ. ಮರಳಿ ಪಾಠ ಹೇಳುವುದಕ್ಕೆ ಹೋಗಬೇಕೆಂದೇ ಇದ್ದರು. ಹೋಗದೆ ಉಳಿದದ್ದು ಲೋಕಕ್ಕೆ ಲಾಭವಾಯಿತು.

ಅವರ ಐದು ಸೂತ್ರಗಳನ್ನು ಗ್ರಂಥಾಲಯದ ಗೋಡೆಗಳ ಮೇಲೆ ಬರೆದಿರುವುದನ್ನು ನಮ್ಮಲ್ಲಿ ಅನೇಕರು ಓದಿರುವೆವು. ಇಲ್ಲಿ ನಾವು ವಿಚಾರಿಸಬೇಕೆಂದಿರುವುದು ಅದನ್ನಲ್ಲ. ಒಂದು ಶಾಸ್ತ್ರದವರು ಶ್ರಮಪಟ್ಟು ಕೂಡಿಟ್ಟ ದತ್ತಾಂಶ ಇನ್ನೊಂದು ಶಾಸ್ತ್ರದವರ ಕೈಗೆ ಸಿಕ್ಕುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆ ಇಂದು ವಿಜ್ಞಾನಲೋಕದಲ್ಲೆಲ್ಲ ಚರ್ಚೆಗೆ ಬಂದಿದೆ. ಆ ಪ್ರಶ್ನೆಯ ಚರಿತ್ರೆಯಲ್ಲಿ ರಂಗನಾಥನ್ ಅವರ ಸ್ಥಾನವೇನು, ಅವರು ಬಿಟ್ಟ ಕಡೆಯಿಂದ ಮುಂದೆ ಏನಾಯಿತು, ಗಡಿನಾಡಿನವರಾದ ನಮಗೆ ಅದರಿಂದ ಒದಗುವುದೇನು ಎಂಬುದಷ್ಟೇ ಈ ಲೇಖನದ ವಿಷಯ.

ಪ್ರಶ್ನೆಯ ಸ್ವರೂಪ ತಿಳಿಯುವುದಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಾಸರಗೋಡಿನಲ್ಲಿ 1916ರಲ್ಲಿ ಅಂದಿನ ಮದರಾಸು ಸರಕಾರ ತೆಂಗಿನ ಸಂಶೋಧನಾ ಕೇಂದ್ರವೊಂದನ್ನು ಸ್ಥಾಪಿಸಿತು. ಅದೇ ಮುಂದೆ ಬೆಳೆದು 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾಲಯವಾಯಿತು. ತೆಂಗಿನ ಹೊಂಬಾಳೆ ಮರದ ಸುಳಿಯೊಳಗೆ ಮೊಳೆಯುವುದರಿಂದ ಹಿಡಿದು ಕಾಯಿ ಬಲಿತು ಕೀಳುವವರೆಗೆ ಮೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಆದುದರಿಂದ ಈ ವರ್ಷ ಇಳುವರಿ ಏಕೆ ಇಳಿಯಿತೆಂದು ತಿಳಿಯಬೇಕಾದರೆ ಹಿಂದಿನ ಮೂರು ನಾಲ್ಕು ವರ್ಷಗಳ ಮಳೆಯ ಲೆಕ್ಕ ಬೇಕು. ಕಾಯಿಯ ಲೆಕ್ಕ ಸಸ್ಯಶಾಸ್ತ್ರಜ್ಞನ ಪುಸ್ತಕದಲ್ಲಿ ಮರವೊಂದಕ್ಕೆ ಇಷ್ಟೆಂದು ಇರುತ್ತದೆ. ಮಳೆಯ ಲೆಕ್ಕ ಹವಾಮಾನ ಇಲಾಖೆಯಲ್ಲಿ ಜನವರಿಯಿಂದ ಡಿಸೆಂಬರಿನವರೆಗಿನ ವರ್ಷಕ್ಕೆ ಸೇರಿದ್ದು. ಸಾಗುವಳಿಯ ಲೆಕ್ಕವೋ, ರೆವಿನ್ಯೂ ಕಚೇರಿಯಲ್ಲಿ ಎಕರೆಗೆ ಸೇರಿದ್ದು; ಅದರ ವರ್ಷವೂ ಜುಲೈ ಒಂದರಂದು ಆರಂಭವಾಗುವ ಫಸಲಿ ವರ್ಷ. ಫಸಲಿ 1360 ಎಂದರೆ 1950ರ ಜುಲೈಯಿಂದ 1951ರ ಜೂನ್‌ವರೆಗೆ ಎಂಬುದು ಹಳೆಯ ಶಾನುಭೋಗರಿಗೆ ಕಂಠಪಾಠ; ಹವಾಮಾನ ಶಾಸ್ತ್ರಜ್ಞನಿಗೆ ಅದು ಒಗಟು. ಮೂರು ಪುಸ್ತಕಗಳೂ ಇವೆ, ಮೂರೂ ಸತ್ಯವನ್ನೇ ಹೇಳುತ್ತವೆ, ಆದರೆ ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ವಿಜ್ಞಾನದಲ್ಲಿ ಕಳೆದುಹೋಗುವುದರಲ್ಲಿ ಬಹುಪಾಲು ಹೀಗೆ ಇದ್ದೂ ಸಿಕ್ಕದಿರುವುದೇ.

ಹೆಸರುಗಳನ್ನು ಅಕ್ಷರಕ್ರಮದಲ್ಲಿಡದೆ ಅರ್ಥದ ಬಳಗ ಮಾಡಿ ಇಡುವುದು ನಮಗೆ ಹೊಸದಲ್ಲ. ಅಮರಕೋಶ ಹಾಗೆಯೇ ವರ್ಗವರ್ಗವಾಗಿ ಪದಗಳನ್ನು ಕೂಡಿಸಿದೆ. ನಾಗವರ್ಮನ ಅಭಿಧಾನವಸ್ತುಕೋಶ ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುತ್ತ ಎರಡು ಭಾಷೆಗಳ ನಡುವೆ ದಾರಿ ಮಾಡಿದೆ. ಆದರೆ ಮುದ್ರಣ ಬಂದು, ಪುಸ್ತಕಗಳು ಲಕ್ಷಗಟ್ಟಲೆ ಆದ ಮೇಲೆ ಹುಟ್ಟಿದ ತೊಡಕು ಬೇರೆ ಬಗೆಯದು. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ 44 ಪುಟಗಳ ಸಣ್ಣ ಹೊತ್ತಗೆಯೊಂದರಲ್ಲಿ ದಶಮಾಂಶ ವರ್ಗೀಕರಣವನ್ನು ಪ್ರಕಟಿಸಿದ. ಇಡೀ ಜ್ಞಾನವನ್ನು ಹತ್ತು ಭಾಗ ಮಾಡಿ, ಒಂದೊಂದನ್ನೂ ಮತ್ತೆ ಹತ್ತು ಭಾಗ ಮಾಡಿ ಅಂಕೆ ಕೊಡುವುದು ಅವನ ಕ್ರಮ. ಇದರಲ್ಲಿ ತೆಂಗು ಸಸ್ಯವಾಗಿ 580ರ ಕಡೆಗೂ, ಬೆಳೆಯಾಗಿ 630ರ ಕಡೆಗೂ, ಸರಕಾಗಿ 380ರ ಕಡೆಗೂ ಚದುರಿಹೋಗುತ್ತದೆ. ಡ್ಯೂಯಿಗೆ ಇದು ತಿಳಿಯದಿರಲಿಲ್ಲ. ಚದುರಿದ್ದನ್ನು ಒಂದೆಡೆ ತೋರಿಸುವುದಕ್ಕೆಂದೇ ಅವನು ಅಕಾರಾದಿಯನ್ನು ಜೋಡಿಸಿದ. ನಮ್ಮ ಅಭಿಪ್ರಾಯದಲ್ಲಿ ಆ ಅಕಾರಾದಿಯೇ ಅವನ ಪುಸ್ತಕದ ಸಾರವತ್ತಾದ ಭಾಗ.

ಬೆಲ್ಜಿಯಂ ದೇಶದ ಪಾಲ್ ಓಟ್ಲೆ ಮತ್ತು ಆನ್ರಿ ಲಾ ಫೊಂತೇನ್ ಎಂಬಿಬ್ಬರು 1895ರಲ್ಲಿ ಬ್ರಸೆಲ್ಸ್ ನಗರದಲ್ಲಿ ಅಂತರರಾಷ್ಟ್ರೀಯ ಗ್ರಂಥಸೂಚಿ ಸಂಸ್ಥೆಯನ್ನು ಕಟ್ಟಿದರು. ಲೋಕದಲ್ಲಿ ಅಚ್ಚಾದುದೆಲ್ಲಕ್ಕೂ ಅಂಗೈಯಗಲದ ಒಂದೊಂದು ಕಾರ್ಡು ಬರೆದು ಮರದ ಪೆಟ್ಟಿಗೆಗಳಲ್ಲಿ ತುಂಬುವುದು ಅವರ ಹಂಬಲ. ಕಾರ್ಡುಗಳು ಮುಂದೆ ಒಂದೂವರೆ ಕೋಟಿಯನ್ನು ಮೀರಿದುವು. ಅಂಚೆಯ ಮೂಲಕ ಪ್ರಶ್ನೆ ಕಳುಹಿಸಿದವರಿಗೆ ಕಾರ್ಡುಗಳ ನಕಲನ್ನು ಹಣ ಪಡೆದು ಕಳುಹಿಸುತ್ತಿದ್ದರಂತೆ. ಇದಕ್ಕಾಗಿ ಡ್ಯೂಯಿಯ ಅಂಕೆಗಳನ್ನೇ ವಿಸ್ತರಿಸಿದ ಅವರು, ಎರಡು ಅಂಕೆಗಳ ನಡುವೆ ಕೋಲನ್ ಎಂಬ ಎರಡು ಚುಕ್ಕಿಗಳನ್ನಿಟ್ಟು, ಈ ವಿಷಯಕ್ಕೂ ಆ ವಿಷಯಕ್ಕೂ ಸಂಬಂಧವುಂಟು ಎಂದು ಸೂಚಿಸುವ ಪದ್ಧತಿ ಹಾಕಿದರು. ಸಂಬಂಧ ಎಂತಹುದೆಂದು ಹೇಳುವ ಶಕ್ತಿ ಆ ಚಿಹ್ನೆಗೆ ಇರಲಿಲ್ಲ. 1940ರಲ್ಲಿ ಜರ್ಮನ್ ಸೇನೆ ಬ್ರಸೆಲ್ಸಿಗೆ ಬಂದಾಗ ಸಂಗ್ರಹದ ಒಂದಷ್ಟು ಭಾಗ ನಾಶವಾಯಿತು.

ರಂಗನಾಥನ್ ಅವರು ಗ್ರಂಥಾಲಯ ಶಾಸ್ತ್ರ ಕಲಿಯಲು ಲಂಡನ್ನಿಗೆ ಹೋದುದು 1924ರ ಸೆಪ್ಟೆಂಬರಿನಲ್ಲಿ. ಅಲ್ಲಿ ಬರ್ವಿಕ್ ಸೇಯರ್ಸ್ ಅವರಲ್ಲಿ ಶಿಷ್ಯವೃತ್ತಿ ಮಾಡುತ್ತ ಹಲವಾರು ಗ್ರಂಥಾಲಯಗಳನ್ನು ಸುತ್ತಿದರು. ಎಲ್ಲಿ ನೋಡಿದರೂ ಅಂಕೆಗಳು ಮೊದಲೇ ಸಿದ್ಧವಾಗಿವೆ, ಹೊಸ ವಿಷಯ ಬಂದರೆ ಅದನ್ನು ಯಾವುದಾದರೊಂದು ಹಳೆಯ ಗೂಡಿಗೆ ತುರುಕಬೇಕು. ಇದು ಗಣಿತಜ್ಞನ ಮನಸ್ಸಿಗೆ ಒಪ್ಪಿಗೆಯಾಗಲಿಲ್ಲ. ಒಂದು ದಿನ ಸೆಲ್ಫ್ರಿಜ್ ಎಂಬ ದೊಡ್ಡ ಮಳಿಗೆಯಲ್ಲಿ ಮೆಕ್ಯಾನೋ ಆಟಿಕೆಯನ್ನು ಮಾಡಿ ತೋರಿಸುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ತೂತುಗಳುಳ್ಳ ಲೋಹದ ಪಟ್ಟಿಗಳು, ಸಲಾಕೆಗಳು, ಚಕ್ರಗಳು, ತಿರುಪು ಮೊಳೆಗಳು. ಅವೇ ತುಂಡುಗಳಿಂದ ಒಮ್ಮೆ ಸೇತುವೆ, ಒಮ್ಮೆ ಗಾಡಿ. ಆಟಿಕೆಯ ಪೆಟ್ಟಿಗೆಯಲ್ಲಿ ಸೇತುವೆಯೂ ಇಲ್ಲ, ಗಾಡಿಯೂ ಇಲ್ಲ. ತುಂಡುಗಳೂ ಅವನ್ನು ಬಿಗಿಯುವ ಮೊಳೆಗಳೂ ಇವೆ. ವಿಷಯಗಳನ್ನೂ ಹೀಗೆಯೇ ಕೂಡಿಸಬಹುದಲ್ಲವೆ ಎಂಬ ಯೋಚನೆ ಅವರಿಗೆ ಹೊಳೆದದ್ದು ಅಲ್ಲಿ. ತುಂಡುಗಳೆಂದರೆ ಸಣ್ಣ ಸಣ್ಣ ವಿಷಯಾಂಶಗಳು, ಮೊಳೆಯೆಂದರೆ ಕೋಲನ್. 1925ರಲ್ಲಿ ಮರಳಿ ಬಂದು ಮದರಾಸಿನ ಗ್ರಂಥಾಲಯದಲ್ಲಿ ಇದನ್ನು ಪ್ರಯೋಗಿಸಿ, 1933ರಲ್ಲಿ ಕೋಲನ್ ವರ್ಗೀಕರಣವನ್ನು ಮದರಾಸು ಗ್ರಂಥಾಲಯ ಸಂಘದ ಮೂಲಕ ಪ್ರಕಟಿಸಿದರು.

ಇದರ ರೀತಿಯನ್ನು ಒಂದು ಉದಾಹರಣೆಯಿಂದ ತೋರಿಸಬೇಕು. 1950ರಲ್ಲಿ ಭಾರತದಲ್ಲಿ ನಡೆದ, ಶ್ವಾಸಕೋಶದ ಕ್ಷಯಕ್ಕೆ ಎಕ್ಸ್ ಕಿರಣದ ಚಿಕಿತ್ಸೆಯನ್ನು ಕುರಿತ ಸಂಶೋಧನೆ ಎಂಬ ವಿಷಯವಿದೆಯೆನ್ನಿ. ಇಂತಹ ವಿಷಯಕ್ಕೆ ಮೊದಲೇ ಅಂಕೆ ಸಿದ್ಧವಾಗಿರುವುದು ಅಸಂಭವ. ರಂಗನಾಥನ್ ಅವರ ಕ್ರಮದಲ್ಲಿ ವೈದ್ಯಶಾಸ್ತ್ರಕ್ಕೆ 'ಎಲ್' ಎಂಬ ಇಂಗ್ಲಿಷ್ ಅಕ್ಷರ, ಶ್ವಾಸಕೋಶಕ್ಕೆ 45, ಕ್ಷಯಕ್ಕೆ 421, ಚಿಕಿತ್ಸೆಗೆ 6, ಎಕ್ಸ್ ಕಿರಣಕ್ಕೆ 253, ಭಾರತಕ್ಕೆ 44. ಇವಕ್ಕೆ ಸಂಶೋಧನೆಯ ಗುರುತನ್ನೂ ವರ್ಷದ ಗುರುತನ್ನೂ ಸೇರಿಸಿ ಸಾಲಾಗಿ ಬಿಗಿದರೆ ವಿಷಯದ ವಿಳಾಸ ಸಿದ್ಧವಾಯಿತು. ಅಂಚೆಯ ವಿಳಾಸದಲ್ಲಿ ಮನೆ, ಬೀದಿ, ಊರು, ಜಿಲ್ಲೆಗಳು ಬೇರೆಬೇರೆಯಾಗಿ ನಿಂತು ಒಟ್ಟಾಗಿ ಒಂದು ಬಾಗಿಲನ್ನು ತೋರಿಸುವಂತೆ ಇದು. ಹುಡುಕುವವನು ಯಾವ ತುಂಡನ್ನು ಹಿಡಿದರೂ ಆಗಬಹುದು: ಕ್ಷಯವನ್ನು ಹಿಡಿದು ಬರುವ ವೈದ್ಯನೂ ಎಕ್ಸ್ ಕಿರಣವನ್ನು ಹಿಡಿದು ಬರುವ ಭೌತಶಾಸ್ತ್ರಜ್ಞನೂ ಒಂದೇ ಕಡೆ ಸಂಧಿಸುತ್ತಾರೆ. ರತ್ನಕ್ಕೆ ಹಲವು ಮುಖಗಳಿರುವಂತೆ ವಿಷಯಕ್ಕೂ ಹಲವು ಮುಖಗಳೆಂಬುದು ಇಲ್ಲಿಯ ತತ್ತ್ವ.

ಆ ಮುಖಗಳು ಎಷ್ಟು ಬಗೆ? 1952ರ ನಾಲ್ಕನೆಯ ಆವೃತ್ತಿಯಲ್ಲಿ ಅವರು ವ್ಯಕ್ತಿತ್ವ, ದ್ರವ್ಯ, ಕ್ರಿಯಾಶಕ್ತಿ, ದೇಶ, ಕಾಲ ಎಂದು ಐದನ್ನು ಎಣಿಸಿದರು. ಮೊದಲು ಕೋಲನ್ ಒಂದೇ ಮೊಳೆಯಾಗಿತ್ತು; ಈಗ ಬೇರೆಬೇರೆ ಚಿಹ್ನೆಗಳು ಬಂದು, ಸಂಬಂಧ ಇಂತಹುದು ಎಂದು ಚಿಹ್ನೆಯೇ ಹೇಳುವಂತಾಯಿತು. ತರ್ಕ ಓದಿದವರಿಗೆ ಇಲ್ಲಿ ವೈಶೇಷಿಕರ ಪದಾರ್ಥವಿಭಾಗ ನೆನಪಾಗದಿರದು. ಈ ಹೋಲಿಕೆಯನ್ನು ಹೆಚ್ಚು ಎಳೆಯುವುದು ಸರಿಯಲ್ಲವಾದರೂ, ದೇಶಕಾಲಗಳನ್ನು ವಿಷಯದ ಅಂಗವೆಂದೇ ಎಣಿಸಿದುದು ಗಮನಿಸತಕ್ಕ ಅಂಶ.

ರಂಗನಾಥನ್ ಅವರು 1957ರಿಂದ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಅಲ್ಲಿಯೇ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿದರು. 1972ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಇಂದಿನ ಯಂತ್ರಶೋಧವೆಲ್ಲ ಅವರಿಂದಲೇ ಹುಟ್ಟಿತೆಂದು ಕೆಲವರು ಹೊಗಳುವುದುಂಟು. ಅದು ಅಭಿಮಾನದ ಮಾತು, ಚರಿತ್ರೆಯ ಮಾತಲ್ಲ. ಅವರ ವಿಚಾರಗಳು 1952ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ವರ್ಗೀಕರಣ ಸಂಶೋಧನ ಮಂಡಲಿಯ ಮೂಲಕ ಪಾಶ್ಚಾತ್ಯರಲ್ಲಿ ಹರಡಿದುದು ನಿಜ. ಆದರೆ ಗಣಕಯಂತ್ರದವರು ಬಹುಮಟ್ಟಿಗೆ ತರ್ಕಶಾಸ್ತ್ರದ ಬೇರೆ ದಾರಿಯಿಂದ ನಡೆದು ಇದೇ ಚೌಕಕ್ಕೆ ಬಂದರು. ಇದಲ್ಲದೆ ರಂಗನಾಥನ್ ಅವರ ಕ್ರಮದಲ್ಲಿ ಒಂದು ಕೊರತೆಯೂ ಉಳಿದಿತ್ತು. ಅವರೂ ಶಾಸ್ತ್ರಗಳ ವಿಭಾಗದಿಂದಲೇ ಹೊರಡುತ್ತಾರೆ. ಸಸ್ಯಶಾಸ್ತ್ರದ ತೆಂಗಿಗೂ ಕೃಷಿಯ ತೆಂಗಿಗೂ ಮೊದಲ ಅಕ್ಷರವೇ ಬೇರೆಯಾಗಿ, ಎರಡೂ ಒಂದೇ ಮರವೆಂಬುದು ವಿಳಾಸದಲ್ಲಿ ಕಾಣುವುದಿಲ್ಲ. ಪುಸ್ತಕವನ್ನು ಕಪಾಟಿನ ಒಂದು ಜಾಗದಲ್ಲಿಯೇ ಇಡಬೇಕಾದವನಿಗೆ ಬೇರೆ ಉಪಾಯವಿರಲಿಲ್ಲ.

ಪುಸ್ತಕದಿಂದ ದತ್ತಾಂಶದ ಕಡೆಗೆ ತಿರುಗೋಣ. 1957ರ ಜುಲೈ 1ರಿಂದ 1958ರ ಡಿಸೆಂಬರ್ 31ರವರೆಗೆ ನಡೆದ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಅರುವತ್ತಕ್ಕೂ ಹೆಚ್ಚು ದೇಶಗಳವರು ಭೂಮಿ, ಕಡಲು, ವಾಯುಮಂಡಲ, ಸೂರ್ಯ ಇವುಗಳನ್ನು ಏಕಕಾಲಕ್ಕೆ ಅಳೆದರು. ಭಾರತವೂ ಅದರಲ್ಲಿ ಸೇರಿತ್ತು. ಅಳತೆಗಳನ್ನು ಕಾಪಾಡುವುದಕ್ಕೆ ಒಂದು ಅಮೆರಿಕದಲ್ಲಿ, ಒಂದು ಸೋವಿಯತ್ ದೇಶದಲ್ಲಿ, ಮತ್ತೊಂದು ಪಶ್ಚಿಮ ಯುರೋಪು, ಜಪಾನು ಮೊದಲಾದ ಕಡೆ ಹಂಚಿದಂತೆ ವಿಶ್ವ ದತ್ತಾಂಶ ಕೇಂದ್ರಗಳು ಏರ್ಪಟ್ಟುವು. ಶೀತಲಸಮರದ ಕಾಲದಲ್ಲಿ ಇದೊಂದು ದೊಡ್ಡ ಸಾಧನೆ. ಆದರೂ ಕೂಡಿಸಿಡುವುದು ಒಂದು, ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗುವುದು ಮತ್ತೊಂದು. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮಂಗಳ ಹವಾಮಾನ ನೌಕೆ ಆ ಗ್ರಹವನ್ನು ಮುಟ್ಟುವ ಹೊತ್ತಿಗೆ ನಾಶವಾಯಿತು. ಒಂದು ತಂಡ ಬಲದ ಲೆಕ್ಕವನ್ನು ಪೌಂಡಿನಲ್ಲಿ ಕೊಟ್ಟಿತ್ತು, ಇನ್ನೊಂದು ತಂಡ ಅದನ್ನು ನ್ಯೂಟನ್ ಎಂದು ಓದಿಕೊಂಡಿತ್ತು. ಸಂಖ್ಯೆಗೆ ಏನೂ ದೋಷವಿರಲಿಲ್ಲ. ಅದರ ಜೊತೆಗಿರಬೇಕಾದ ಅಳತೆಯ ಹೆಸರು ಜೊತೆಗೆ ಹೋಗಲಿಲ್ಲ.

ಜೀವಶಾಸ್ತ್ರಜ್ಞರು 1998ರಲ್ಲಿ ಆರಂಭಿಸಿದ ಕೆಲಸ ಈ ವಿಚಾರದಲ್ಲಿ ಅತ್ಯಂತ ಉಪಯುಕ್ತವಾದ ಪಾಠ. ಹಣ್ಣುನೊಣ, ಯೀಸ್ಟ್, ಇಲಿ ಈ ಮೂರನ್ನು ಅಭ್ಯಾಸ ಮಾಡುವವರು ಮೂರು ಬೇರೆ ಬಳಗ. ಮೂವರಿಗೂ ಬೇರೆಬೇರೆ ಭಂಡಾರ, ಬೇರೆಬೇರೆ ಪರಿಭಾಷೆ. ನೊಣದವರ ನಾಮಕರಣವಂತೂ ಚೋದ್ಯ. 1910ರಲ್ಲಿ ಮಾರ್ಗನ್ ಎಂಬ ವಿಜ್ಞಾನಿ ಬಿಳಿಗಣ್ಣಿನ ಒಂದು ನೊಣವನ್ನು ಕಂಡ. ಆ ದೋಷಕ್ಕೆ ಕಾರಣವಾದ ಜೀನಿಗೆ 'ವೈಟ್' ಎಂದೇ ಹೆಸರಾಯಿತು. ಆದರೆ ಆ ಜೀನು ನೆಟ್ಟಗಿದ್ದರೆ ಕಣ್ಣು ಕೆಂಪಾಗುತ್ತದೆ! ಬಿಳಿ ಎಂದು ಹೆಸರಿರುವುದರ ಕೆಲಸ ಕೆಂಪು ತರುವುದೆಂದು ಇಲಿಯನ್ನು ಅಭ್ಯಾಸ ಮಾಡುವವನು ಊಹಿಸುವುದೆಂತು? ಜೀವಕೋಶದಲ್ಲಿ ಪ್ರೋಟೀನು ತಯಾರಾಗುವುದನ್ನು ಒಂದು ಭಂಡಾರದವರು 'ಪ್ರೋಟೀನ್ ಸಂಶ್ಲೇಷಣೆ' ಎಂದು ಬರೆದರೆ ಇನ್ನೊಂದರವರು 'ಟ್ರಾನ್ಸ್‌ಲೇಷನ್' ಎಂದು ಬರೆಯಬಹುದು. ಭಾಷಾಂತರವೆಂದು ತಿಳಿದು ಭಾಷಾ ಅಧ್ಯಾಪಕರೇನಾದರೂ ಹುಡುಕಹೊರಟರೆ ದೇವರೇ ಗತಿ.

ಮೂರು ಬಳಗದವರು ಕೂಡಿ ಮಾಡಿದ 'ಜೀನ್ ಆಂಟಾಲಜಿ'ಯನ್ನು 2000ದಲ್ಲಿ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂತಹುದನ್ನು ನಾವು ಸಂಬಂಧಕೋಶವೆಂದು ಕರೆಯೋಣ. ಅವರು ಯಾರ ಹೆಸರನ್ನೂ ಅಳಿಸಲಿಲ್ಲ. ಒಂದೊಂದು ಭಾವನೆಗೂ ಒಂದು ಅಂಕೆ ಕೊಟ್ಟು, ಹೆಸರುಗಳನ್ನೆಲ್ಲ ಅದರ ಕೆಳಗೆ ಪರ್ಯಾಯಗಳಾಗಿ ಬರೆದರು. ಮೇಲೆ ಹೇಳಿದ ಪ್ರೋಟೀನು ತಯಾರಿಗೆ 0006412; ಯಾರು ಯಾವ ಹೆಸರಿನಿಂದ ಕೇಳಿದರೂ ಅಲ್ಲಿಗೇ ತಲಪುತ್ತಾರೆ. ಜೀನಿನ ವಿಷಯವನ್ನು ಅದು ಯಾವ ಕೆಲಸ ಮಾಡುತ್ತದೆ, ಯಾವ ಜೀವವ್ಯಾಪಾರದಲ್ಲಿ ಭಾಗಿಯಾಗಿದೆ, ಜೀವಕೋಶದ ಯಾವೆಡೆಯಲ್ಲಿದೆ ಎಂದು ಮೂರು ಮುಖಗಳಿಂದ ವಿವರಿಸಿದರು. ಒಂದು ಭಾವನೆ ಒಂದೇ ತಾಯಿಯ ಮಗುವಾಗಿರಬೇಕೆಂಬ ಕಟ್ಟನ್ನೂ ಬಿಟ್ಟರು: ಹೆಕ್ಸೋಸ್ ಎಂಬ ಸಕ್ಕರೆಯ ನಿರ್ಮಾಣವು ಹೆಕ್ಸೋಸಿನ ಚಯಾಪಚಯದ ಒಂದು ಬಗೆಯೂ ಹೌದು, ಸರಳ ಸಕ್ಕರೆಗಳ ನಿರ್ಮಾಣದ ಒಂದು ಬಗೆಯೂ ಹೌದು. ಕಪಾಟಿನ ಸಾಲು ಇಲ್ಲಿಗೆ ಮುಗಿದು ಜಾಲವಾಯಿತು. ನಮಗೆ ಎಲ್ಲಕ್ಕಿಂತ ಮೆಚ್ಚಿಕೆಯಾದುದು ಇನ್ನೊಂದು ನಿಯಮ. ಈ ಜೀನು ಈ ಕೆಲಸ ಮಾಡುತ್ತದೆಂದು ಬರೆಯುವಾಗ ಯಾವ ಪ್ರಮಾಣದಿಂದ ಬರೆದದ್ದು, ಪ್ರಯೋಗದಿಂದಲೋ ಹೋಲಿಕೆಯಿಂದಲೋ ಯಂತ್ರದ ಊಹೆಯಿಂದಲೋ ಎಂಬುದನ್ನೂ ಗುರುತಿಸಲೇಬೇಕು. ಶಾಸನ ಓದುವವರು ಸ್ಪಷ್ಟವಾದ ಅಕ್ಷರಕ್ಕೂ ಊಹಿಸಿ ತುಂಬಿದ ಅಕ್ಷರಕ್ಕೂ ಭೇದ ತೋರಿಸುವ ಕ್ರಮವೇ ಇದು. ಈ ಗುರುತುಗಳನ್ನು ಪ್ರಬಂಧ ಓದಿ ಓದಿ ಹಾಕುವ ಕೆಲಸಗಾರರ ಹೆಸರು ಹೊರಗಿನವರಿಗೆ ತಿಳಿಯುವುದೇ ಇಲ್ಲ.

ಯಂತ್ರವನ್ನು ನಂಬಿ ಎಚ್ಚರ ತಪ್ಪುವಂತಿಲ್ಲ ಎಂಬುದಕ್ಕೂ ಇಲ್ಲಿಯೇ ಸಾಕ್ಷಿಯುಂಟು. ಮನುಷ್ಯನ ಕೆಲವು ಜೀನುಗಳಿಗೆ 'ಮಾರ್ಚ್ 1', 'ಸೆಪ್ಟ್ 2' ಎಂಬಂತೆ ಸಂಕ್ಷೇಪಗಳಿದ್ದುವು. ಗಣಕಯಂತ್ರದ ಲೆಕ್ಕದ ಹಾಳೆಗಳು ಇವನ್ನು ತಾರೀಖುಗಳೆಂದು ತಿಳಿದು ಬದಲಿಸಿಬಿಡುತ್ತಿದ್ದುವು. ಕೊನೆಗೆ ಜೀನುಗಳ ಹೆಸರನ್ನೇ ಬದಲಿಸಬೇಕಾಗಿ ಬಂದುದನ್ನು ನಾಮಕರಣ ಸಮಿತಿ 2020ರಲ್ಲಿ ಪ್ರಕಟಿಸಿತು.

ಒಂದು ಸಂಬಂಧಕೋಶ ಇನ್ನೊಂದರೊಡನೆ ಮಾತಾಡುವಂತೆ ಮಾಡುವ ಯತ್ನವೂ ಇದೇ ಕಾಲದ್ದು. ಅಂತರಜಾಲದ ಮಾನಕ ಸಂಸ್ಥೆ 1999ರಲ್ಲಿ ಒಪ್ಪಿದ ರೀತಿಯಲ್ಲಿ ಪ್ರತಿಯೊಂದು ತಿಳಿವಳಿಕೆಯನ್ನೂ ಮೂರು ಪದಗಳ ವಾಕ್ಯವಾಗಿ ಬರೆಯುತ್ತಾರೆ: ಇಂತಹ ವಸ್ತು, ಇಂತಹ ಸಂಬಂಧ, ಇಂತಹ ಇನ್ನೊಂದು ವಸ್ತು. ಕರ್ತೃ, ಕ್ರಿಯೆ, ಕರ್ಮಗಳನ್ನು ಪಾಠ ಹೇಳುವ ನಮಗೆ ಇದರಲ್ಲಿ ಕಷ್ಟವೇನೂ ಇಲ್ಲ. 2016ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಕೂಡಿ, ದತ್ತಾಂಶವು ಹುಡುಕಿದರೆ ಸಿಕ್ಕುವಂತಿರಬೇಕು, ಕೇಳಿದರೆ ದೊರೆಯುವಂತಿರಬೇಕು, ಬೇರೆಯದರೊಡನೆ ಕೂಡುವಂತಿರಬೇಕು, ಮತ್ತೆ ಬಳಸುವಂತಿರಬೇಕು ಎಂಬ ನಾಲ್ಕು ತತ್ತ್ವಗಳನ್ನು ಸಾರಿದರು. ಸಾರುವುದು ಸುಲಭ, ಮೂರನೆಯದು ಮಾತ್ರ ಒಂದೊಂದು ಶಾಸ್ತ್ರದವರೂ ಕುಳಿತು ಬೆವರು ಸುರಿಸದೆ ಆಗುವುದಲ್ಲ.

ಗಡಿಪ್ರದೇಶದ ಚರಿತ್ರೆ ಬರೆಯುವವರಿಗೆ ಇದು ದೂರದ ಮಾತೆಂದು ಯಾರೂ ಎಣಿಸಬಾರದು. ನಮ್ಮ ಊರುಗಳು ಇದ್ದಲ್ಲಿಯೇ ಇವೆ. ಅವುಗಳ ಮೇಲಿನ ಹೆಸರುಗಳು ಓಡಾಡಿವೆ. ಆದವಾನಿಯನ್ನೂ ರಾಯದುರ್ಗವನ್ನೂ 1951ರ ಜನಗಣತಿಯಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಹುಡುಕಬೇಕು. 1953ರ ಅಕ್ಟೋಬರ್ 1ರಂದು ಅವು ಆಂಧ್ರಕ್ಕೆ ಸೇರಿದುದರಿಂದ 1961ರ ಗಣತಿಯಲ್ಲಿ ಮೊದಲನೆಯದು ಕರ್ನೂಲಿನಲ್ಲಿ, ಎರಡನೆಯದು ಅನಂತಪುರದಲ್ಲಿ. ಎರಡು ಗಣತಿಗಳ ಬಳ್ಳಾರಿಯನ್ನು ಹಾಗೆಯೇ ತೂಗಿನೋಡಿದವನಿಗೆ ಜನರೇ ಎದ್ದುಹೋದಂತೆ ಕಂಡೀತು. ಕಾಸರಗೋಡಿನ ಲೆಕ್ಕ 1956ರವರೆಗೆ ದಕ್ಷಿಣ ಕನ್ನಡದಲ್ಲಿ, 1957ರಿಂದ ಕಣ್ಣಾನೂರಿನಲ್ಲಿ, 1984ರ ಮೇ ತಿಂಗಳಿಂದ ಅದರದೇ ಹೆಸರಿನ ಜಿಲ್ಲೆಯಲ್ಲಿ. ಹೊಸೂರು ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿಗೂ 2004ರಲ್ಲಿ ಕೃಷ್ಣಗಿರಿಗೂ ಹೋಯಿತು. ಅಕ್ಕಲಕೋಟೆ, ಜತ್ತ ಎರಡೂ 1948ರವರೆಗೆ ಸಂಸ್ಥಾನಗಳಾಗಿದ್ದುವು. ಜತ್ತ ಸೇರಿದ ದಕ್ಷಿಣ ಸಾತಾರಾ ಜಿಲ್ಲೆಗೆ 1960ರಲ್ಲಿ ಸಾಂಗಲಿ ಎಂದು ಹೆಸರಾದುದರಿಂದ, ಆ ನಡುವಣ ಹತ್ತು ಹನ್ನೊಂದು ವರ್ಷಗಳ ಕಾಗದಪತ್ರಗಳು ಈಗ ಯಾವ ನಕ್ಷೆಯಲ್ಲಿಯೂ ಇಲ್ಲದ ಜಿಲ್ಲೆಯ ಹೆಸರಿನಲ್ಲಿವೆ. ಮಳೆ, ಬೆಳೆ, ಬರ, ಸಾಂಕ್ರಾಮಿಕ, ಕನ್ನಡ ಶಾಲೆಗಳ ಸಂಖ್ಯೆ ಎಲ್ಲಕ್ಕೂ ಇದೇ ಕಥೆ.

ಆದುದರಿಂದ ಮಾಡಬೇಕಾದ ಪಟ್ಟಿ ಹೀಗಿರಬೇಕೆಂದು ನಮಗೆ ತೋರುತ್ತದೆ. ಒಂದೊಂದು ಊರಿಗೂ ಎಂದೂ ಬದಲಾಗದ ಒಂದು ಅಂಕೆ. ಅದರ ಕೆಳಗೆ ಕನ್ನಡ, ತೆಲುಗು, ತಮಿಳು, ಮಲಯಾಳ, ಮರಾಠಿಗಳಲ್ಲಿಯೂ ಇಂಗ್ಲಿಷರ ಕಾಗದಗಳಲ್ಲಿಯೂ ಅದಕ್ಕಿರುವ ಹೆಸರುಗಳೆಲ್ಲ, ಯಾವುದು ಸರಿ ಯಾವುದು ತಪ್ಪೆಂಬ ಜಗಳವಿಲ್ಲದೆ. ಇಂತಹ ವರ್ಷದಿಂದ ಇಂತಹ ವರ್ಷದವರೆಗೆ ಇಂತಹ ತಾಲೂಕು, ಜಿಲ್ಲೆ, ರಾಜ್ಯದ ಭಾಗ ಎಂಬ ಸಾಲುಗಳು. ಸಾಲುಸಾಲಿಗೂ ಅದು ಯಾವ ಕಾಗದದಿಂದ ತಿಳಿದದ್ದೆಂಬ ಪ್ರಮಾಣ. ಮಡಕಶಿರವನ್ನು ತೆಗೆದುಕೊಂಡರೆ 1882ರವರೆಗೆ ಬಳ್ಳಾರಿ ಜಿಲ್ಲೆ ಎಂದು ಒಂದು ಸಾಲು, ಆ ವರ್ಷ ಅನಂತಪುರ ಜಿಲ್ಲೆ ಬೇರೆಯಾದುದರಿಂದ ಎರಡನೆಯ ಸಾಲು, 2022ರ ಏಪ್ರಿಲಿನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದುದರಿಂದ ಮೂರನೆಯ ಸಾಲು. ಕೆಳಗೆ ನಾಲ್ಕನೆಯದಕ್ಕೆ ಜಾಗ ಬಿಟ್ಟಿರಬೇಕು.